1932ರ ಅಂಕೋಲೆ, ಐದು ಹೆಂಗಸರು, ಒಂದೇ ಒಲೆ: ಈ ಕತೆ ನಂಬುವ ಹಾಗಿದೆಯಾ?

ಕಡಲಂಚು
ಎಲ್ಲರಿಗೂ ನಮಸ್ಕಾರ. ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಅಂದರೆ ಮೂರು ವರ್ಷದಿಂದ ಅದೇ ಅರವತ್ತು ಪುಟ ತಿದ್ದುತ್ತಿದ್ದೇನೆ. ಊರು ಅಂಕೋಲೆ ಸೀಮೆಯದ್ದು, ಹೆಸರಿಟ್ಟಿಲ್ಲ. ಕಾಲ 1931ರ ಕೊನೆಯಿಂದ 1933ರ ಮಳೆಗಾಲದವರೆಗೆ. ಬ್ರಿಟಿಷ್ ಸರ್ಕಾರಕ್ಕೆ ಕಂದಾಯ ಕಟ್ಟದ ಕರನಿರಾಕರಣೆ ಚಳವಳಿಯಲ್ಲಿ ಗದ್ದೆ ಜಪ್ತಿಯಾಗಿದೆ. ಗಂಡಸರು ಹಿಂಡಲಗಾ ಜೈಲಿನಲ್ಲಿದ್ದಾರೆ. ಉಳಿದವರು ಐದು ಜನ: ಗದ್ದೆ ಕಳೆದುಕೊಂಡ ಮನೆಯ ಅತ್ತೆ, ಸೊಸೆ, ಅದೇ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಹಾಲಕ್ಕಿ ಒಕ್ಕಲಿಗರ ಹೆಂಗಸು, ಮೀನು ಮಾರುವವಳು ಒಬ್ಬಳು, ಘಟ್ಟದ ಮೇಲಿಂದ ಬಂದ ವಿಧವೆ ಒಬ್ಬಳು. ಇವರೆಲ್ಲ ಒಂದೇ ಮನೆ ಸೇರಿ, ಒಂದೇ ಒಲೆಯಲ್ಲಿ ಗಂಜಿ ಬೇಯಿಸಿಕೊಂಡು ಎರಡು ಮಳೆಗಾಲ ದಾಟುತ್ತಾರೆ.

ಮೊದಲ ಅಧ್ಯಾಯ ಓದಿದ ಗೆಳತಿ "ಇದು ಸ್ತ್ರೀಶಕ್ತಿ ಸಂಘದ ಮೀಟಿಂಗಿಗೆ ಹಳೇ ಸೀರೆ ಉಡಿಸಿದ ಹಾಗಿದೆ" ಅಂದಳು. ಎರಡು ದಿನ ನಿದ್ದೆ ಬರಲಿಲ್ಲ. ನಿಮ್ಮ ಮನೆಗಳಲ್ಲಿ ಅಜ್ಜಿಯಂದಿರು ಆ ಕಾಲದ ಬಗ್ಗೆ ಏನು ಹೇಳುತ್ತಿದ್ದರು? ಹೊಟ್ಟೆಗೆ ಏನು? ಕೈಗೆ ಕಾಸು ಎಲ್ಲಿಂದ? ಸ್ಯಾಂಪಲ್ಲಿಗೆ ನಾಲ್ಕು ಸಾಲು ಹಾಕಿದ್ದೇನೆ, ನಗಬೇಡಿ:

"ಜೂನ್ ತಿಂಗಳ ಮಳೆ. ದೇವಿ ರೇಷನ್ ಅಕ್ಕಿಯ ಕೊನೆಯ ಹಿಡಿಯನ್ನು ಗಡಿಗೆಗೆ ಹಾಕಿದಳು. ಹೊರಗೆ ಸುಬ್ಬಿ ತಾಜಾ ಬಂಗಡೆ ತಂದು ನಿಂತಿದ್ದಳು. 'ಹತ್ತು ಪೈಸೆ ಕೊಡು ಅಕ್ಕಾ, ಸಾಕು' ಅಂದಳು. ಅಷ್ಟರಲ್ಲಿ ತಹಸೀಲ್ದಾರರ ಜೀಪಿನ ಸದ್ದು ಕೇಳಿತು."

ಶೆಟ್ಲಿಚಟ್ನಿ
ಜೂನ್ ತಿಂಗಳಲ್ಲಿ ತಾಜಾ ಬಂಗಡೆ! ಯಾವ ಫ್ರಿಜ್ಜಿಂದ ಬಂತು ಮಾರಾಯ್ತಿ?

ಕರಿಈಶಾಡು
ಜೀಪು 1932ರಲ್ಲಿ? 😂

ಹಳೇದಫ್ತರ
ನಗುವವರು ಸ್ವಲ್ಪ ತಡೆಯಿರಿ. ನಾಲ್ಕು ಸಾಲಲ್ಲಿ ಐದು ತಪ್ಪಿದೆ, ಆದರೆ ಐದೂ ತಿದ್ದುವಂಥದ್ದೇ.

ರೇಷನ್ ಬಂದದ್ದು ಎರಡನೇ ಮಹಾಯುದ್ಧದ ಕಾಲಕ್ಕೆ. 1942ರ ಮಾರ್ಚಿನಲ್ಲಿ ರಂಗೂನು ಜಪಾನಿನವರ ಕೈ ಸೇರಿತು. ಬರ್ಮಾ ಅಕ್ಕಿ ನಿಂತಿತು. ಆಮೇಲೆ ರೇಷನ್, ಲೆವಿ (ಸರ್ಕಾರಕ್ಕೆ ಕಡ್ಡಾಯವಾಗಿ ಕೊಡುವ ಧಾನ್ಯ), ಕ್ಯೂ ಎಲ್ಲ ಶುರು. 1932ರಲ್ಲಿ ಅಂಗಡಿಯಲ್ಲಿ ಅಕ್ಕಿ ಇತ್ತು, ಅದೂ ಅಗ್ಗಕ್ಕೆ. ಕೊಳ್ಳಲು ಕಾಸಿರಲಿಲ್ಲ. ಇದು ಬೇರೆ ಥರದ ಕಷ್ಟ, ನಿಮ್ಮ ಕತೆಯ ಜೀವ ಇಲ್ಲೇ ಇದೆ.

ಎರಡನೆಯದು, 'ಹತ್ತು ಪೈಸೆ' ನಯಾ ಪೈಸೆಯ ಲೆಕ್ಕ. ಅದು 1957ರ ಏಪ್ರಿಲಿಂದ. 1932ರಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಬಂಗಡೆಗೆ ಆಣೆ, ಕಾಸು ಅಂತ ಮಾತಾಡಿಸಿ. ಮೂರನೆಯದು, ನಮ್ಮ ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿ. 1862ರಲ್ಲೇ ಮದ್ರಾಸಿನಿಂದ ಮುಂಬಯಿಗೆ ಸೇರಿತ್ತು. ಹಾಗಾಗಿ ತಾಲೂಕಿನ ಅಧಿಕಾರಿ ಮಾಮಲೇದಾರ, ತಹಸೀಲ್ದಾರ ಅಲ್ಲ. ಊರಲ್ಲಿ ಲೆಕ್ಕ ಬರೆಯುವ ಶಾನಭೋಗ, ಊರ ಸೇವಕ ಉಗ್ರಾಣಿ. ಜಪ್ತಿಗೆ ಬಂದಾಗ ಮೊದಲು ಅಂಗಳದಲ್ಲಿ ನಿಂತು ಕೂಗುವವನು ಉಗ್ರಾಣಿ. ಜೀಪು, ಬಂಗಡೆ ಬಗ್ಗೆ ಆಗಲೇ ಹೇಳಿದ್ದಾರೆ.

ಇನ್ನೊಂದು ದೊಡ್ಡದು. 1931ರ ಕೊನೆಯಲ್ಲಿ ಗಂಡಸರನ್ನು ಜೈಲಿಗೆ ಹಾಕಬೇಡಿ. 1931ರ ಮಾರ್ಚ್ 5ಕ್ಕೆ ಗಾಂಧಿ–ಇರ್ವಿನ್ ಒಪ್ಪಂದ ಆಗಿ ಸತ್ಯಾಗ್ರಹಿಗಳು ಹೊರಗೆ ಬಂದಿದ್ದರು. 1932ರ ಜನವರಿ 4ಕ್ಕೆ ಗಾಂಧೀಜಿಯನ್ನು ಮತ್ತೆ ಹಿಡಿದರು. ಎರಡನೇ ಸುತ್ತಿನ ಚಳವಳಿ, ಜಪ್ತಿ, ಲಿಲಾವು (ಹರಾಜು) ಆಮೇಲಿನದ್ದು. ನಿಮ್ಮ ಕತೆ 1932ರಿಂದ ಶುರುವಾದರೆ ಎಲ್ಲ ಕೂಡುತ್ತದೆ.

ಕಡಲಂಚು
ಸರ್, ಕೈ ಮುಗಿದೆ. ಅಜ್ಜಿ ರೇಷನ್ ಕ್ಯೂ ಬಗ್ಗೆ ಅಷ್ಟು ಹೇಳುತ್ತಿದ್ದರು. ಅದೇ ಕಾಲ ಅಂದುಕೊಂಡಿದ್ದೆ.

ಹಳೇದಫ್ತರ
ಎಲ್ಲರ ಮನೆಯಲ್ಲೂ ಹೀಗೇ. ಅಜ್ಜಿಯ ನೆನಪಲ್ಲಿ ಮೂರು ಕಷ್ಟ ಒಂದೇ ಡಬ್ಬಿಯಲ್ಲಿರುತ್ತವೆ: 1932ರ ಜಪ್ತಿ, ಯುದ್ಧದ ರೇಷನ್, ಅರುವತ್ತರ ದಶಕದ ಅಮೆರಿಕದ ಧಾನ್ಯ. ಬೇರ್ಪಡಿಸುವ ಕೆಲಸ ನಮ್ಮದು.

ಓದುಗ_ಕುಮಟಾ
ಧಾನ್ಯ ಅಗ್ಗ ಆದರೆ ರೈತರಿಗೆ ಕಷ್ಟ ಯಾಕೆ? ಬೆಳೆದವರು ಉಣ್ಣಬಹುದಿತ್ತಲ್ಲ? ಸುಮ್ನೆ ಕೇಳಿದೆ.

ಹಳೇದಫ್ತರ
ಒಳ್ಳೇ ಪ್ರಶ್ನೆ. ಕಂದಾಯ ರೊಕ್ಕದಲ್ಲಿ ಕಟ್ಟಬೇಕಿತ್ತು, ಅದು ಇಳಿಯಲಿಲ್ಲ. 1929ರ ನಂತರದ ಜಾಗತಿಕ ಮುಗ್ಗಟ್ಟಿನಲ್ಲಿ ಬೆಳೆಯ ಬೆಲೆ ಎರಡು ಮೂರು ವರ್ಷದಲ್ಲಿ ಸುಮಾರು ಅರ್ಧಕ್ಕೆ ಬಿತ್ತು. ಮೊದಲು ಎರಡು ಖಂಡಿ ಭತ್ತ ಮಾರಿ ಕಟ್ಟುತ್ತಿದ್ದ ಕರಕ್ಕೆ ಈಗ ನಾಲ್ಕು ಖಂಡಿ ಬೇಕು. ಸಾಲಗಾರನ ಬಡ್ಡಿಯೂ ರೊಕ್ಕದಲ್ಲೇ. ಅದರ ಮೇಲೆ ಅಂಕೋಲೆ, ಸಿದ್ದಾಪುರ ಕಡೆ ಬೆಳೆಯೂ ಕೈಕೊಟ್ಟಿತ್ತು. ಕರನಿರಾಕರಣೆ ಬರೀ ದೇಶಭಕ್ತಿ ಅಲ್ಲ, ಕಟ್ಟುವುದಕ್ಕೆ ನಿಜವಾಗಿಯೂ ಇರಲಿಲ್ಲ.

ಮೆಟ್ಟುಗತ್ತಿ
ನಾನು ಶಿರಸಿ ಕಡೆಯವಳು. ತಂಗೀ, ನಿನ್ನ ಗೆಳತಿ ಹೇಳಿದ್ದು ಸರಿ. ಆ ಒಂದೇ ಒಲೆ ಇದೆಯಲ್ಲ, ಅದನ್ನು ನಾನು ನಂಬುವುದಿಲ್ಲ.

ಘಟ್ಟದ ಮೇಲಿನ ವಿಧವೆ ಅಂದೆ. ನಮ್ಮ ಕಡೆಯವಳಾದರೆ ಆ ಕಾಲಕ್ಕೆ ತಲೆ ಬೋಳಿಸಿ ಕೆಂಪು ಸೀರೆ ಉಟ್ಟವಳು. ಮಡಿ. ಬೇರೆಯವರು ಮುಟ್ಟಿದ ನೀರೂ ಕುಡಿಯದವಳು. ಅವಳು ಒಣಮೀನು ಸುಡುವ ಒಲೆಯ ಗಂಜಿ ಉಣ್ಣುತ್ತಾಳಾ? ಹಸಿವು ಎಲ್ಲವನ್ನೂ ಬಿಡಿಸುತ್ತದೆ ಅಂತ ನೀನು ಹೇಳಬಹುದು. ನನ್ನ ಅಮ್ಮಮ್ಮನ ಚಿಕ್ಕಿ ಹಾಗೆ ಬಿಡಲಿಲ್ಲ. ಎರಡು ದಿನ ಉಪವಾಸ ಇದ್ದು ಮೂರನೇ ದಿನ ಹಲಸಿನ ಬೇಳೆ ತಾನೇ ಬೇಯಿಸಿ ಉಂಡಳಂತೆ. ಮನೆಯಲ್ಲಿ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು, ನನಗೆ ಕೇಳಿದಾಗೆಲ್ಲ ಸಿಟ್ಟು ಬರುತ್ತಿತ್ತು.

ಹಾಗಂತ ಒಬ್ಬರಿಗೊಬ್ಬರು ಆಗಲಿಲ್ಲ ಅಂತಲ್ಲ. ಆದರು. ಒಲೆ ಬೇರೆ, ಲೆಕ್ಕ ಒಂದು. ನಮ್ಮಲ್ಲಿ ಮುರಿಯಾಳು ಅಂತ ಇದೆ. ಇವತ್ತು ನಿಮ್ಮನೆ ಅಡಿಕೆ ಸುಲಿಯಲು ನಾನು, ನಾಳೆ ನಮ್ಮನೆಗೆ ನೀವು. ಕೂಲಿ ಇಲ್ಲ, ಆದರೆ ಲೆಕ್ಕ ಪಕ್ಕಾ. ರಾತ್ರಿ ದೀಪ ಇಟ್ಟುಕೊಂಡು ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರು ಯಾರು ಎಷ್ಟು ಸುಲಿದರು ಅಂತ ಬಾಯಲ್ಲಿ ಕತೆ ಹೇಳುತ್ತಲೇ ಕಣ್ಣಲ್ಲಿ ಎಣಿಸುತ್ತಿದ್ದರು. ಅಕ್ಕಿ ಎರವಲೂ ಹಾಗೇ. ಅಮ್ಮಮ್ಮ ಸಾಯುವವರೆಗೂ ಒಂದು ಮಾತು ಮರೆಯಲಿಲ್ಲ: "ನಾ ಅಳತೆಯ ಸಿದ್ದೆಗೆ ಗೋಪುರ ಮಾಡಿ ಕೊಟ್ಟಿದ್ದೆ, ಅವಳು ಕೈಯಲ್ಲಿ ಸವರಿ ಮಟ್ಟ ಮಾಡಿ ತಂದಳು." ಐವತ್ತು ವರ್ಷ ಆದ ಮೇಲೂ ಆ ಗೋಪುರ ನೆನಪಿತ್ತು! ಇದನ್ನು ಬರಿ. ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುವುದನ್ನು ಧಾರಾವಾಹಿಯವರು ಮಾಡಿಕೊಳ್ಳುತ್ತಾರೆ.

ಕರಿಈಶಾಡು
ನಮ್ಮ ಅತ್ತೆ ಈಗಲೂ ಸಕ್ಕರೆ ಎರವಲು ಕೊಟ್ಟರೆ ಲೋಟ ನೋಡಿ ಕೊಡುತ್ತಾರೆ. ವಾಪಸ್ ಬರುವಾಗಲೂ ಅದೇ ಲೋಟ ಬೇಕು.

ಸದಾಶಿವಗಡದವ
ಮೆಟ್ಟುಗತ್ತಿ ಅಕ್ಕಾ, ಸ್ವಲ್ಪ ಜಾಸ್ತಿ ಆಯ್ತು. ಜೈಲು, ಸತ್ಯಾಗ್ರಹದಲ್ಲಿ ಜಾತಿ ಮುರಿದು ಒಟ್ಟಿಗೆ ಉಂಡವರು ಇದ್ದರು. ಎಲ್ಲರೂ ನಿಮ್ಮ ಚಿಕ್ಕಿಯ ಹಾಗಿರಲಿಲ್ಲ.

ಮೆಟ್ಟುಗತ್ತಿ
ಇದ್ದರು. ಗಂಡಸರು ಶಿಬಿರದಲ್ಲಿ ಉಂಡು ಬಂದರು. ಮನೆ ಒಳಗಿನ ಒಲೆ ಬೇರೆ ಮಾತು. ಉಂಡು ಬಂದವನಿಗೂ ಒಳಗೆ ಬರುವ ಮೊದಲು ಸ್ನಾನ ಮಾಡಿಸುತ್ತಿದ್ದರು.

ಅಂದಹಾಗೆ ಒಂದು ವಿಷಯ. ಸಿದ್ದಾಪುರ ತಾಲೂಕಿನ ಮಾವಿನಗುಂಡಿ ಗೊತ್ತಲ್ಲ, ಜೋಗಕ್ಕೆ ಹೋಗುವ ದಾರಿ. ಜಪ್ತಿಯಾದ ಆಸ್ತಿಯನ್ನು ಲಿಲಾವಿನಲ್ಲಿ ಕೊಂಡವರ ಮನೆ ಮುಂದೆ 1932ರಲ್ಲಿ ಹೆಂಗಸರು ಉಪವಾಸ ಕೂತರು. ಪೊಲೀಸರ ಮುಂದಲ್ಲ, ಮಾಮಲೇದಾರನ ಮುಂದಲ್ಲ, ಕೊಂಡ ನೆರೆಯವನ ಬಾಗಿಲಲ್ಲಿ. ಅಲ್ಲಿ ಸ್ಮಾರಕವೂ ಇದೆ. ಮನೆಯಲ್ಲಿ ಹೇಗೂ ಉಪವಾಸ, ಅಲ್ಲೇ ಕೂತು ಮಾಡಿದರು ಅಂತ ನಮ್ಮ ಆಯಿ ತಮಾಷೆ ಮಾಡುತ್ತಿದ್ದಳು. ಪೂರ್ತಿ ತಮಾಷೆಯೂ ಅಲ್ಲ.

ಓದುಗ_ಕುಮಟಾ
ಜೋಗಕ್ಕೆ ಎಷ್ಟೋ ಸಲ ಹೋಗಿದ್ದೇನೆ. ಆ ಸ್ಮಾರಕದ ಹತ್ತಿರ ಒಮ್ಮೆಯೂ ಗಾಡಿ ನಿಲ್ಲಿಸಿಲ್ಲ. ಛೆ.

ಗೇಣಿಚೀಟಿ
ಎಲ್ಲ ಸರಿ, ಆದರೆ ನನ್ನದೊಂದು ತಕರಾರು. ಇಲ್ಲಿವರೆಗೆ ಮಾತಾಡಿದ್ದೆಲ್ಲ ಗದ್ದೆ ಇದ್ದವರ ಬಗ್ಗೆ. ಕರ ಕಟ್ಟುವುದಿಲ್ಲ ಅನ್ನಬೇಕಾದರೆ ಮೊದಲು ಕರ ಕಟ್ಟುವಷ್ಟು ನೆಲ ಬೇಕಲ್ವಾ? ನಮ್ಮ ಹಿರಿಯರು ಗೇಣಿ ಒಕ್ಕಲು. ಒಡೆಯನ ಗದ್ದೆ ಜಪ್ತಿಯಾದರೆ ಒಡೆಯ ತ್ಯಾಗಿ ಆದ, ಸರಿ. ಅದೇ ಗದ್ದೆಯಲ್ಲಿ ದುಡಿದು ಉಣ್ಣುತ್ತಿದ್ದ ಒಕ್ಕಲು ಏನಾದ? ಹೊಸ ಒಡೆಯ ಬಂದ, ಅಥವಾ ಗದ್ದೆ ಹಾಳು ಬಿತ್ತು. ಅವನ ಹೆಂಡತಿ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ನಿಮ್ಮ ಕತೆಯಲ್ಲಿ ಆ ಹಾಲಕ್ಕಿ ಹೆಂಗಸು ಒಡತಿಗೆ ಸಹಾಯ ಮಾಡಲು ಮಾತ್ರ ಇದ್ದಾಳಾ? ಹಾಗಾದರೆ ಬೇಡ. ಅವಳಿಗೆ ಒಡತಿಗಿಂತ ಜಾಸ್ತಿ ಗೊತ್ತು. ಯಾವ ಗೆಡ್ಡೆ ತಿನ್ನಬಹುದು, ಯಾವುದು ಗಂಟಲು ತುರಿಸುತ್ತದೆ, ಬೈನೆ ಮರದ ತಿರುಳು ಕುಟ್ಟಿ ನೀರಲ್ಲಿ ಕದಡಿ ಹಿಟ್ಟು ತೆಗೆಯುವುದು ಹೇಗೆ. ಒಡತಿಗೆ ಕಷ್ಟ 1932ರಲ್ಲಿ ಬಂತು. ಇವಳಿಗೆ ಅದು ಪ್ರತಿ ಆಷಾಢದಲ್ಲೂ ಬರುತ್ತಿತ್ತು. ಆ ಎರಡು ಮಳೆಗಾಲ ಒಡತಿಯೇ ಇವಳ ಹಿಂದೆ ಬುಟ್ಟಿ ಹಿಡಿದು ಬೆಟ್ಟಕ್ಕೆ ಹೋಗಬೇಕು. ಜಪ್ತಿ ಮುಗಿದ ಮೇಲೆ ಮತ್ತೆ ಅಂಗಳದ ಆಚೆ ನಿಲ್ಲಿಸುತ್ತಾಳಾ ಇಲ್ಲವಾ, ಅದನ್ನು ಬರೆಯಿರಿ ನೋಡೋಣ.

ಸದಾಶಿವಗಡದವ
ಸ್ವಾತಂತ್ರ್ಯ ಹೋರಾಟಗಾರರನ್ನು ಹೀಗೆ ಸಣ್ಣವರನ್ನಾಗಿ ಮಾಡುವುದು ಸರಿಯಲ್ಲ. ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ (ಕರನಿರಾಕರಣೆಗೆ ಹೆಸರಾದ ಗುಜರಾತಿನ ಊರು) ಅಂತ ಸುಮ್ನೆ ಕರೆದರಾ?

ಗೇಣಿಚೀಟಿ
ಯಾರೂ ಸಣ್ಣವರಾಗಲಿಲ್ಲ ಮಾರಾಯ್ರೆ. ಚಿತ್ರದಲ್ಲಿ ಇನ್ನೊಬ್ಬಳಿಗೆ ಜಾಗ ಕೊಡಿ ಅಂದೆ. ಉಳುವವನಿಗೆ ಭೂಮಿ ಸಿಗಲು 1974ರ ಕಾಯ್ದೆವರೆಗೆ ಕಾಯಬೇಕಾಯಿತು. ಕವಿ, ರೈತ ಮುಖಂಡ ದಿನಕರ ದೇಸಾಯಿಯವರನ್ನು 1940ರಲ್ಲಿ ಜಿಲ್ಲೆಯಿಂದ ಗಡಿಪಾರು ಮಾಡಿದ್ದು ಯಾವ ತಪ್ಪಿಗೆ? ಈ ಒಕ್ಕಲುಗಳನ್ನು ಸಂಘಟಿಸಿದ್ದಕ್ಕೆ.

ನಿರ್ವಾಹಕ
ಇಬ್ಬರೂ ಒಳ್ಳೇ ಮಾತಾಡುತ್ತಿದ್ದೀರಿ. ಹೀಗೇ ಇರಲಿ, ಏರುದನಿ ಬೇಡ.

ಕಡಲಂಚು
ಗೇಣಿಚೀಟಿ ಅವರೇ, ಚುಚ್ಚಿತು. ನನ್ನ ಕತೆಯಲ್ಲಿ ಅವಳಿಗೆ ಒಟ್ಟು ಏಳು ಮಾತು ಇದೆ, ಈಗಷ್ಟೇ ಎಣಿಸಿದೆ. ಅದರಲ್ಲಿ ಮೂರು "ಹೂಂ ಒಡತಿ."

ಶೆಟ್ಲಿಚಟ್ನಿ
ಈಗ ನನ್ನ ಸರದಿ, ಮೀನಿನ ವಿಷಯ. ಮಳೆಗಾಲ ಶುರುವಾದರೆ ದೋಣಿ ದಡಕ್ಕೆ, ಮೇಲೆ ಮಡಲು ಹೊದಿಸಿ ಇಡುವುದು. ಕಡಲಿಗೆ ಇಳಿಯುವವರಿಲ್ಲ. ಹೊಳೆಯಲ್ಲಿ ಗಾಳ, ಸಣ್ಣ ಬಲೆ ಅಷ್ಟೇ. ಬಳಚು (ಚಿಪ್ಪುಮೀನು) ಆರಿಸೋಣ ಅಂದರೆ ಹೊಳೆ ಪೂರ್ತಿ ಸಿಹಿನೀರು, ಕೆಸರು, ಸೆಳವು. ಹಾಗಾಗಿ ಬೇಸಿಗೆಯಲ್ಲೇ ತಾರ್ಲೆ (ಬೂತಾಯಿ), ಬಂಗಡೆ, ಶೆಟ್ಲಿ (ಸಿಗಡಿ) ಒಣಗಿಸಿ ಅಟ್ಟಕ್ಕೆ ಹಾಕಬೇಕು. ಒಂದು ಚಿಟಿಕೆ ಒಣ ಶೆಟ್ಲಿ ಹುರಿದು ಕಾಯಿ, ಮುರುಗಲು (ಪುನರ್ಪುಳಿ) ಹಾಕಿ ಅರೆದರೆ ಐದು ಜನರ ಗಂಜಿ ಇಳಿಯುತ್ತದೆ. ನನ್ನ ಹೆಸರೇ ಸಾಕ್ಷಿ.

ಒಣಗಿಸಲು ಏನು ಬೇಕು? ಉಪ್ಪು. ಉಪ್ಪಿನ ಮೇಲೆ ಸರ್ಕಾರದ ಕರ. 1930ರ ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯ್ದೆ ಮುರಿದದ್ದನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಮೀನು ಒಣಗಿಸುವ ಹೆಂಗಸಿಗೆ ಅದು ಭಾಷಣ ಅಲ್ಲ. ಈ ವರ್ಷ ಅಟ್ಟ ತುಂಬುತ್ತದಾ ಇಲ್ಲವಾ ಅನ್ನುವ ಲೆಕ್ಕ. ಸಾಣಿಕಟ್ಟೆಯ ಉಪ್ಪು, ನಮ್ಮ ಒಣಮೀನು ಹೊತ್ತು ದೇವಿಮನೆ ಘಟ್ಟ ಹತ್ತಿ, ಮೇಲಿನಿಂದ ಅಕ್ಕಿ, ಬೆಲ್ಲ ತರುತ್ತಿದ್ದರು ಅಂತ ನಮ್ಮ ಮನೆಯಲ್ಲಿ ಹೇಳುತ್ತಾರೆ. ರೊಕ್ಕ ಇಲ್ಲದ ಕಾಲದಲ್ಲಿ ಇದೇ ಪೇಟೆ. ನಿಮ್ಮ ಸುಬ್ಬಿ 'ಕಾಸು ಕೊಡು' ಅಂತ ಯಾಕೆ ಕೇಳುತ್ತಾಳೆ? 'ಅಕ್ಕಿ ಕೊಡು' ಅನ್ನಲಿ.

ಓದುಗ_ಕುಮಟಾ
ದೇವಿಮನೆ ಘಟ್ಟದ ರಸ್ತೆ ಈಗ ಅಗಲ ಆಗುತ್ತಾ ಆಗುತ್ತಾ ನನಗೆ ಮೊಮ್ಮಗ ಹುಟ್ಟಿದ. ಹೊತ್ತು ಹತ್ತುವುದೇ ಬೇಗ ಅನಿಸುತ್ತದೆ.

ಕರಿಈಶಾಡು
ಹೆದ್ದಾರಿ ಮಾತು ಶುರು ಮಾಡಬೇಡಿ, ಇಡೀ ಚರ್ಚೆ ಗುಡ್ಡದ ಹಾಗೆ ಕುಸಿಯುತ್ತದೆ. ನನ್ನ ಒಂದೇ ಕೋರಿಕೆ: ಅಂಕೋಲೆ ಕತೆಯಲ್ಲಿ ಕರಿ ಈಶಾಡು ಮಾವು ಇರಲೇಬೇಕು. 2023ರಲ್ಲಿ ಜಿಐ ಟ್ಯಾಗೂ ಬಂದಿದೆ.

ಶೆಟ್ಲಿಚಟ್ನಿ
ಹಸಿದವರಿಗೆ ಮಾವಿನಹಣ್ಣು ಮೇ ತಿಂಗಳ ಮಾತು. ಆಗಸ್ಟಲ್ಲಿ ಮಾವಿನ ವಾಟೆ (ಗೊರಟು) ಸುಟ್ಟು ತಿನ್ನಿಸಿ.

ಕರಿಈಶಾಡು
ವಾಟೆಯಾದರೂ ಇರಲಿ ಅಕ್ಕಾ.

ಹಳೇದಫ್ತರ
ಕಾಸು ಎಲ್ಲಿಂದ ಅಂತ ಕೇಳಿದ್ದರಲ್ಲ. ಚಿನ್ನ. ಇದು ಯಾರ ಕತೆಯಲ್ಲೂ ಸರಿಯಾಗಿ ಬರುವುದಿಲ್ಲ. 1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ತನ್ನ ಪೌಂಡನ್ನು ಚಿನ್ನದಿಂದ ಬಿಡಿಸಿತು. ಅಲ್ಲಿವರೆಗೆ ತೊಲಕ್ಕೆ ಸುಮಾರು 21 ರೂಪಾಯಿ ಇದ್ದ ಚಿನ್ನ ಏರುತ್ತಾ ಹೋಗಿ ಮುಂದೆ 30 ದಾಟಿತು. ಉಳಿದ ಎಲ್ಲದರ ಬೆಲೆ ಬಿದ್ದಿರುವಾಗ ಹೆಂಗಸರ ಕೊರಳಲ್ಲಿದ್ದದ್ದಕ್ಕೆ ಮಾತ್ರ ಬೆಲೆ ಬಂತು. ದೇಶದ ತುಂಬ ರೈತರ ಮನೆಯ ಒಡವೆ ಸರಾಫರ ಕೈಗೆ, ಅಲ್ಲಿಂದ ಮುಂಬಯಿ, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ ಹೋಯಿತು. ನಿಮ್ಮ ಅತ್ತೆ, ಸೊಸೆ ಜಗಳಕ್ಕೆ ಇದಕ್ಕಿಂತ ಒಳ್ಳೇ ಕಾರಣ ಬೇಕಾ? ಬೆಲೆ ಏರಿದೆ, ಈಗಲೇ ಮಾರೋಣ ಅನ್ನುವ ಸೊಸೆ. ಏರಿದ್ದು ಇನ್ನೂ ಏರುತ್ತದೆ, ತಡೆ ಅನ್ನುವ ಅತ್ತೆ. ಸರ ಯಾರದ್ದು ಅನ್ನುವುದು ಆಮೇಲೆ.

ಮೆಟ್ಟುಗತ್ತಿ
ಸರ ಸೊಸೆಯದೇ. ಕೀಲಿ ಅತ್ತೆಯದು. ಇಷ್ಟೇ ಸಾಕು, ಎರಡು ಅಧ್ಯಾಯ ಬರುತ್ತದೆ.

ಸದಾಶಿವಗಡದವ
ಕತೆಯನ್ನು 1933ಕ್ಕೆ ಯಾಕೆ ನಿಲ್ಲಿಸುತ್ತೀರಿ? 1934ರಲ್ಲಿ ಗಾಂಧೀಜಿ ಈ ಜಿಲ್ಲೆಗೇ ಬಂದರು. 1937ರಲ್ಲಿ ಮುಂಬಯಿಯಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಪ್ತಿಯಾದ ಭೂಮಿ ವಾಪಸ್ ಕೊಡಿಸಿದರು. ಗೆಲುವಿನಲ್ಲಿ ಮುಗಿಸಿ.

ಗೇಣಿಚೀಟಿ
ಲಿಲಾವಿನಲ್ಲಿ ಕೊಂಡವನೂ ಅದೇ ಊರಲ್ಲಿ ಇರುತ್ತಾನಲ್ಲ ಸರ್. ಆರು ವರ್ಷ ಅವನ ಎದುರು ಅದೇ ಬಾವಿಗೆ ನೀರಿಗೆ ಹೋದವರು ಹೆಂಗಸರು. ಗದ್ದೆ ವಾಪಸ್ ಬಂದ ದಿನ ಬಾವಿಕಟ್ಟೆಯಲ್ಲಿ ಯಾರು ಯಾರ ಜೊತೆ ಮಾತಾಡಿದರು? ಅಲ್ಲಿಗೆ ಮುಗಿಸಿದರೆ ನಾನು ದುಡ್ಡು ಕೊಟ್ಟು ಓದುತ್ತೇನೆ.

ಓದುಗ_ಕುಮಟಾ
ನೀವೆಲ್ಲ ಹಳೇ ಕತೆ ಬರೆಯಿರಿ. ಕಾರವಾರ, ಅಂಕೋಲೆ ನಡುವೆ ಸೀಬರ್ಡ್ ನೌಕಾನೆಲೆಗೆ ಊರೂರೇ ಎದ್ದು ಹೋದದ್ದನ್ನು ಯಾರು ಬರೆಯುತ್ತಾರೆ? 1986ರಲ್ಲಿ ಅಡಿಗಲ್ಲು. ನನ್ನ ಅಕ್ಕ ಆ ಕಡೆ ಸೊಸೆಯಾಗಿ ಹೋದವಳು. ಪುನರ್ವಸತಿ ಕಾಲನಿಯಲ್ಲಿ ಹಳೇ ಊರಿನ ಐದು ಮನೆ ಹೆಂಗಸರು ಇವತ್ತಿಗೂ ಒಟ್ಟಿಗೇ ಹಪ್ಪಳ ಮಾಡುತ್ತಾರೆ. ಬೇರೆ ಊರಿನವರನ್ನು ಸೇರಿಸುವುದಿಲ್ಲ. ಊರು ಬಿಟ್ಟು ಎಷ್ಟು ವರ್ಷ ಆಯಿತು!

ನಿರ್ವಾಹಕ
ಇದಕ್ಕೆ ಹೊಸ ಎಳೆ ತೆರೆಯಿರಿ ದಯವಿಟ್ಟು. ಓದುವವರಲ್ಲಿ ನಾನೇ ಮೊದಲಿಗ.

ಶೆಟ್ಲಿಚಟ್ನಿ
ಜಪ್ತಿ ಅಂದಾಗ ನೆನಪಾಯಿತು. ನಮ್ಮ ಮನೆಗೆ ಹತ್ತಿರದ ಒಂದು ಗದ್ದೆಮನೆಯವರು ಜಪ್ತಿಗೆ ಮೊದಲಿನ ರಾತ್ರಿ ತಮ್ಮ ದೊಡ್ಡ ತಾಮ್ರದ ಹಂಡೆಯನ್ನು ನಮ್ಮ ಮುತ್ತಜ್ಜಿಯ ಗುಡಿಸಲಿಗೆ ತಂದಿಟ್ಟರು. ಪಾತ್ರೆ, ದನ ಎಲ್ಲ ಎಳೆದುಕೊಂಡು ಹೋಗುತ್ತಿದ್ದರಲ್ಲ. ಮೀನುಗಾರರ ಗುಡಿಸಲಿನಲ್ಲಿ ತಾಮ್ರದ ಹಂಡೆ ಇರುತ್ತದೆ ಅಂತ ಯಾವ ಉಗ್ರಾಣಿಯೂ ಹುಡುಕುವುದಿಲ್ಲ. ಮುತ್ತಜ್ಜಿ ಅದನ್ನು ಬೋರಲು ಹಾಕಿ ಮೇಲೆ ಬಲೆ ಹರಡಿದ್ದಳಂತೆ. ಮೀನಿನ ನಾತಕ್ಕೆ ಪಂಚನಾಮೆಯವರು ಒಳಗೇ ಬರಲಿಲ್ಲ.

ಕರಿಈಶಾಡು
ವಾಹ್! ಮುತ್ತಜ್ಜಿಗೆ ಜೈ.

ಕಡಲಂಚು
ಎಲ್ಲರ ಮಾತು ಕೇಳಿ ಮತ್ತೆ ಬರೆದೆ. ಒಲೆ ಮೂರು ಮಾಡಿದ್ದೇನೆ. ನೋಡಿ:

"ಆಷಾಢದ ಎರಡನೇ ವಾರ. ದೇವಿ ಹಿಂಬಾಗಿಲಲ್ಲಿ ನಿಂತಳು. ಸುಬ್ಬಿ ಬುಟ್ಟಿ ಇಳಿಸಲಿಲ್ಲ.
'ಹೋದ ತಿಂಗಳ ಅಕ್ಕಿ ಬರಲಿಲ್ಲ' ಅಂದಳು.
'ಗೊತ್ತು.'
'ಎರಡು ಸಲ.'
'ಗೊತ್ತು ಅಂದೆನಲ್ಲ.'
ಸುಬ್ಬಿ ಬುಟ್ಟಿಯಿಂದ ಒಣ ತಾರ್ಲೆ ಎಣಿಸಿ ಕೆಸುವಿನ ಎಲೆಯ ಮೇಲಿಟ್ಟಳು. ಎಂಟು. ಸ್ವಲ್ಪ ಹೊತ್ತು ನೋಡಿ ಒಂದನ್ನು ತೆಗೆದು ವಾಪಸ್ ಬುಟ್ಟಿಗೆ ಹಾಕಿದಳು. 'ಇದು ಬಡ್ಡಿ.' "

ಮೆಟ್ಟುಗತ್ತಿ
ಈಗ ಬಂತು ನೋಡು ಕತೆ.

ಗೇಣಿಚೀಟಿ
ಆ ಏಳು ಮಾತಿನವಳು ಎಲ್ಲಿ?

ಕಡಲಂಚು
ಮುಂದಿನ ಪುಟದಲ್ಲಿ ಇದ್ದಾಳೆ. ದೇವಿಗೆ ಗೆಡ್ಡೆ ಅಗೆಯಲು ಬರುವುದಿಲ್ಲ ಅಂತ ಬೈಯುತ್ತಿದ್ದಾಳೆ. ಬೈಗುಳ ಜಾಸ್ತಿ ಆಗಿದೆ, ಕಡಿಮೆ ಮಾಡಬೇಕು.

ಗೇಣಿಚೀಟಿ
ಕಡಿಮೆ ಮಾಡಬೇಡಿ.

ಓದುಗ_ಕುಮಟಾ
ಶೆಟ್ಲಿಚಟ್ನಿ ಅಕ್ಕಾ, ಹಂಡೆ ಕತೆ ಅರ್ಧಕ್ಕೆ ಬಿಟ್ಟಿರಿ. ಗದ್ದೆ ವಾಪಸ್ ಬಂದಾಗ ಹಂಡೆಯೂ ಹೋಯಿತಾ?

ಶೆಟ್ಲಿಚಟ್ನಿ
ಇಲ್ಲ. ಎರಡನೇ ಮಳೆಗಾಲಕ್ಕೆ ಮನೆಯಲ್ಲಿ ಏನೂ ಇರಲಿಲ್ಲ, ಎರಡು ಕೂಸಿಗೆ ಜ್ವರ. ಮುತ್ತಜ್ಜಿ ಹಂಡೆ ಮಾರಿ ಅಕ್ಕಿ ತಂದಳು. ಮರುದಿನವೇ ಅವರ ಹಿಂಬಾಗಿಲಿಗೆ ಹೋಗಿ "ಮಾರಿದೆ" ಅಂತ ಹೇಳಿದಳಂತೆ. ತಂದ ಅಕ್ಕಿಯಲ್ಲಿ ಅರ್ಧ ಅವರಿಗೂ ಕೊಟ್ಟಳು. ಅವರು ತಗೊಂಡರು. ಆಮೇಲೆ ಎರಡು ಮನೆಯ ಹೆಂಗಸರ ನಡುವೆ ಮಾತಿಲ್ಲ. ಆದರೆ ಒಣಮೀನು ಹೋಗುವುದು, ಮುರುಗಲು ಬರುವುದು ನಿಲ್ಲಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಇಟ್ಟು ಬರುವುದು, ಅಷ್ಟೇ.

ಕಡಲಂಚು
ಅಕ್ಕಾ, ಇದನ್ನು ಕತೆಗೆ ಹಾಕಿಕೊಳ್ಳಲಾ?

ಶೆಟ್ಲಿಚಟ್ನಿ
ಹಾಕು. ಹಂಡೆ ಅಂತ ಬರೆಯಬೇಡ, ಕೊಡಪಾನ ಅಂತ ಮಾಡು. ಅವರ ಮನೆಯ ದೊಡ್ಡಮ್ಮ ಇನ್ನೂ ಇದ್ದಾರೆ, ಪೇಪರು, ಪುಸ್ತಕ ಎಲ್ಲ ಓದುತ್ತಾರೆ. ಹಂಡೆ ಕೇಳಿಕೊಂಡು ಬಂದರೆ ನಾನು ಎಲ್ಲಿಂದ ತರಲಿ?